ಹಾಡು ಸಿಕ್ಕಿತು, ಕೂಲಿ ಎಲ್ಲಿ?

ಕಳೆದ ತಿಂಗಳು ಒಂದು ಭಾನುವಾರ ನಮ್ಮ ಗೆಳೆಯರ ಗುಂಪೊಂದು ‘ಸರ್ಚಿಂಗ್ ಫಾರ್ ಶುಗರ್ ಮ್ಯಾನ್’ ಎಂಬ ಸಾಕ್ಷ್ಯಚಿತ್ರ ತೋರಿಸಿತು. 2012ರಲ್ಲಿ ಬಂದ ಚಿತ್ರ. ಸ್ವೀಡನ್ನಿನ ಮಲಿಕ್ ಬೆಂಜಲೂಲ್ ಮಾಡಿದ್ದು. ಮರುವರ್ಷ ಆಸ್ಕರ್ ಪ್ರಶಸ್ತಿಯೂ ಬಂತು. ಚಿತ್ರ ಮುಗಿದು ದೀಪ ಹತ್ತಿದಾಗ ಅರ್ಧಕ್ಕರ್ಧ ಜನ ಕಣ್ಣೊರೆಸಿಕೊಳ್ತಾ ಇದ್ದರು. ನಾವೂ ಒರೆಸಿಕೊಂಡೆವು, ಸುಳ್ಳು ಯಾಕೆ ಹೇಳೋಣ. ಆಮೇಲೆ ಚರ್ಚೆ ಶುರುವಾಯ್ತು. ಒಬ್ಬರು ಎದ್ದು, ‘ಎಂಥಾ ವಿನಯ! ಎಂಥಾ ನಿರ್ಲಿಪ್ತತೆ! ಥೇಟ್ ಋಷಿ’ ಅಂದರು. ಇನ್ನೊಬ್ಬರು, ‘ಕಲಾವಿದ ಅಂದ್ರೆ ಹಿಂಗಿರಬೇಕು, ಕಾಸಿನ ಹಿಂದೆ ಹೋಗಬಾರದು’ ಅಂದರು. ಅಲ್ಲಿಗೆ ನಮ್ಮ ಕಣ್ಣೀರು ಇಂಗಿಹೋಯ್ತು.

ಕತೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಅಮೆರಿಕಾದ ಡೆಟ್ರಾಯಿಟ್ ನಗರದಲ್ಲಿ ಸಿಕ್ಸ್ಟೊ ರೊಡ್ರಿಗೆಜ್ ಎಂಬ ಹಾಡುಗಾರ. ಹುಟ್ಟಿದ್ದು 1942ರಲ್ಲಿ. ಮೆಕ್ಸಿಕೋದಿಂದ ಬಂದ ದುಡಿಯುವ ಮನೆತನ, ಆರನೆಯ ಮಗು, ಅದಕ್ಕೇ ಸಿಕ್ಸ್ಟೊ. 1970ರಲ್ಲಿ ‘ಕೋಲ್ಡ್ ಫ್ಯಾಕ್ಟ್’ ಎಂಬ ತಟ್ಟೆ ಬಂತು. ಹನ್ನೆರಡು ಹಾಡು, ಅರ್ಧ ಗಂಟೆ ಚಿಲ್ಲರೆ. ಅಮೆರಿಕಾದಲ್ಲಿ ಯಾರೂ ಕೊಳ್ಳಲಿಲ್ಲ. 1971ರಲ್ಲಿ ಇನ್ನೊಂದು ಬಂತು, ಅದನ್ನೂ ಕೊಳ್ಳಲಿಲ್ಲ. ಕಂಪನಿ ಕೈಬಿಟ್ಟಿತು. ಹಾಡುಗಾರ ಹಳೇ ಮನೆ ಕೆಡವೋ ಕೂಲಿಗೆ, ಮುರಿದ ಮನೆ ರಿಪೇರಿಗೆ ಹೋದ. ಅತ್ತ ದಕ್ಷಿಣ ಆಫ್ರಿಕಾದಲ್ಲಿ ಅದೇ ತಟ್ಟೆ ಕೈಯಿಂದ ಕೈಗೆ, ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಹಬ್ಬಿ ಲಕ್ಷಗಟ್ಟಲೆ ಮನೆ ಸೇರಿತು. ಹಾಡಿದವನು ವೇದಿಕೆಯ ಮೇಲೇ ಗುಂಡು ಹೊಡಕೊಂಡು ಸತ್ತನಂತೆ, ಇಲ್ಲ ಮೈಗೆ ಬೆಂಕಿ ಹಚ್ಚಿಕೊಂಡನಂತೆ ಎಂದು ಅಲ್ಲಿ ಪುಕಾರು. 1997ರಲ್ಲಿ ಇಬ್ಬರು ಅಭಿಮಾನಿಗಳು ಹುಡುಕಿ ತೆಗೆದರು. ಮನುಷ್ಯ ಜೀವಂತ! 1998ರ ಮಾರ್ಚಿಯಲ್ಲಿ ಅಲ್ಲಿಗೆ ಹೋಗಿ ಸಾವಿರಾರು ಜನರ ಮುಂದೆ ಹಾಡಿದ. 2023ರ ಆಗಸ್ಟ್ 8ರಂದು, ತನ್ನ 81ನೇ ವಯಸ್ಸಿನಲ್ಲಿ ತೀರಿಕೊಂಡ.

ಇದರಲ್ಲಿ ದೊಡ್ಡ ಸುಳ್ಳೇನೂ ಇಲ್ಲ. (ಸಣ್ಣದೊಂದಿದೆ. ಈ ಮನುಷ್ಯ 1979ರಲ್ಲೂ 1981ರಲ್ಲೂ ಆಸ್ಟ್ರೇಲಿಯಾಕ್ಕೆ ಹೋಗಿ ದೊಡ್ಡ ದೊಡ್ಡ ಸಭೆಗಳಲ್ಲಿ ಹಾಡಿ ಬಂದಿದ್ದ. ಚಿತ್ರದಲ್ಲಿ ಅದರ ಸೊಲ್ಲೇ ಇಲ್ಲ. ಪವಾಡ ಪವಾಡವಾಗಿಯೇ ಉಳೀಬೇಕಲ್ಲ!) ಮೋಸ ಇರೋದು ಹೇಳೋ ವರಸೆಯಲ್ಲಿ, ಕೇಳಿ ತಲೆದೂಗೋ ನಮ್ಮ ವರಸೆಯಲ್ಲಿ.

ಮೊದಲು ಹಾಡಿನ ಮಾತು. ಸೈಕೆಡೆಲಿಕ್ ರಾಕ್ ಅಂದರೆ ನಾವು ಮೂಗು ಮುರಿಯುತ್ತಿದ್ದವರೇ. ಹೊಟ್ಟೆ ತುಂಬಿದವರ ಮಕ್ಕಳು ಎಲ್ಎಸ್‌ಡಿ ನುಂಗಿ, ಅಂಗಾತ ಮಲಗಿ, ಸೂರಿನಲ್ಲಿ ಕಾಮನಬಿಲ್ಲು ನೋಡೋದಕ್ಕೆ ಬಾರಿಸಿಕೊಂಡ ಗಿಟಾರು ಅಂತಲೇ ನಮ್ಮ ತೀರ್ಪು. ಆ ತೀರ್ಪು ಪೂರಾ ತಪ್ಪೂ ಅಲ್ಲ. ಆದರೆ ‘ಕೋಲ್ಡ್ ಫ್ಯಾಕ್ಟ್’ ಕೇಳಿದಾಗ ನಮ್ಮ ಬಾಯಿ ಕಟ್ಟಿಹೋಯಿತು. ಮುಖಪುಟ ನೋಡಿದರೆ ಅದೇ ಅಮಲಿನ ಲೋಕ: ಕಪ್ಪು ಕನ್ನಡಕ ಹಾಕಿ, ಟೋಪಿ ಇಟ್ಟು, ಗಾಜಿನ ಗೋಳದೊಳಗೆ ಚಕ್ಕಂಬಕ್ಕಲ ಹಾಕಿ ಕೂತ ಮನುಷ್ಯ. ಮೊದಲನೇ ಹಾಡು ‘ಶುಗರ್ ಮ್ಯಾನ್’ನಲ್ಲಿ ಸದ್ದುಗಳು ಸುಳಿ ಸುಳಿಯಾಗಿ ಮೇಲೆದ್ದು ತಲೆ ಸುತ್ತುತ್ತವೆ. ಮೈಕ್ ಥಿಯೋಡರ್ ಮತ್ತು ಡೆನ್ನಿಸ್ ಕಾಫಿ ಎಂಬಿಬ್ಬರ ಕೈಚಳಕ ಅದು. ಡೆನ್ನಿಸ್ ಕಾಫಿಯಾಗಲಿ, ಈ ತಟ್ಟೆಯಲ್ಲಿ ಬಾಸ್ ಬಾರಿಸಿದ ಬಾಬ್ ಬ್ಯಾಬಿಟ್ ಆಗಲಿ, ಅದೇ ಊರಿನ ಮೋಟೌನ್ ಕಂಪನಿಯ ಹಾಡುಗಳಿಗೆ ದಿನಗೂಲಿಯ ಹಾಗೆ ಬಾರಿಸಿ ಬೆರಳು ಸವೆಸಿಕೊಂಡವರು. ಆ ಸುಳಿಯ ನಡುವೆ ಒಂದು ದನಿ ಅಲ್ಲಾಡದೆ ನಿಂತಿದೆ. ಒಣಗಿದ ದನಿ. ಗೋಗರೆಯೋದಿಲ್ಲ, ಕಿರುಚೋದಿಲ್ಲ. ಅಮಲಿನ ಪುಡಿ ಮಾರುವವನನ್ನು ಬೀದಿಯ ಬದಿಯಲ್ಲಿ ಕಾಯುತ್ತಾ ನಿಂತವನ ಹಾಡು ಅದು. ಅಮಲನ್ನು ಹೊಗಳೋದೂ ಇಲ್ಲ, ಬುದ್ಧಿ ಹೇಳೋದೂ ಇಲ್ಲ. ಈ ಊರಿನಲ್ಲಿ ಬೆಳಕಿಲ್ಲ, ಅದಕ್ಕೇ ಕೊಂಡುಕೊಳ್ತಾ ಇದ್ದೀನಿ, ಅಷ್ಟೆ.

‘ಎಸ್ಟಾಬ್ಲಿಷ್‌ಮೆಂಟ್ ಬ್ಲೂಸ್’ ಎಂಬುದಂತೂ ಹಾಡೇ ಅಲ್ಲ, ತಾಲ್ಲೂಕು ಕಚೇರಿ ಮುಂದೆ ನಿಂತು ಅರ್ಜಿ ಓದಿದ ಹಾಗಿದೆ. ಊರಿನ ಮೇಯರು, ಕೊಳೆಯುವ ಕಸ, ಮಾರಾಟವಾಗೋ ಬಂದೂಕು, ಎಲ್ಲ ಒಂದೇ ಉಸಿರಿನಲ್ಲಿ. ‘ರಿಚ್ ಫೋಕ್ಸ್ ಹೋಕ್ಸ್’ ಎಂಬ ಇನ್ನೊಂದಿದೆ. ಉಳ್ಳವರು ಹೂಡಿದ ಮೋಸ ಅಂತ ಅದರರ್ಥ. ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತೆ.

ಈ ಅರ್ಜಿ ಎಲ್ಲಿಂದ ಬಂತು? 1967ರ ಜುಲೈ 23ರ ನಸುಕಿನಲ್ಲಿ ಡೆಟ್ರಾಯಿಟಿನ ಕರಿಯರ ಕೇರಿಯ ಒಂದು ಹೆಂಡದ ಗುಟ್ಟುಮನೆಗೆ ಪೊಲೀಸರು ನುಗ್ಗಿದರು. ಊರು ಹೊತ್ತಿಕೊಂಡಿತು. ಐದು ದಿನ ಉರಿಯಿತು. ಸೈನ್ಯ ಇಳಿಯಿತು. 43 ಜನ ಸತ್ತರು, ಅದರಲ್ಲಿ 33 ಮಂದಿ ಕರಿಯರು. ಏಳು ಸಾವಿರಕ್ಕೂ ಮಿಕ್ಕಿ ಜನರನ್ನು ಹಿಡಿದು ಒಳಗೆ ಹಾಕಿದರು. ಮರುವರ್ಷವೇ ಮೋಟಾರು ಕಾರ್ಖಾನೆಯ ಕರಿ ಕಾರ್ಮಿಕರು, ತಮ್ಮನ್ನು ಕೇಳದ ಯೂನಿಯನ್ನಿಗೂ ಸೆಡ್ಡು ಹೊಡೆದು, ತಮ್ಮದೇ ಕ್ರಾಂತಿಕಾರಿ ಸಂಘಟನೆ ಕಟ್ಟಿಕೊಂಡರು. ಅದಾದ ಮಾರನೇ ವರ್ಷ, 1969ರಲ್ಲಿ, ಅದೇ ಊರಿನಲ್ಲಿ ಈ ಹಾಡುಗಳು ಮುದ್ರಣವಾದದ್ದು. ಆ ಹೊಗೆಯ ವಾಸನೆ ಈ ತಟ್ಟೆಯಲ್ಲಿದೆ. ಅದಕ್ಕೇ ಇದು ಉಳಿದಿದೆ ಅಂತ ನಮ್ಮ ಅನಿಸಿಕೆ. ಸುಳಿ ಸುತ್ತೋ ಸದ್ದಿನಿಂದಲ್ಲ. ಆ ಕಾಲದಲ್ಲಿ ಸುಳಿ ಸುತ್ತೋ ಸದ್ದು ಗಲ್ಲಿಗೊಂದು ಸಿಗ್ತಾ ಇತ್ತು.

ಈಗ ದಕ್ಷಿಣ ಆಫ್ರಿಕಾಕ್ಕೆ ಬರೋಣ. ಯಾರ ಮನೆಯಲ್ಲಿ ಈ ತಟ್ಟೆ ತಿರುಗಿತು? ಬಿಳಿಯರ ಮನೆಯಲ್ಲಿ. ಇದನ್ನು ಮುಚ್ಚಿಡೋದೇಕೆ? ಚಿತ್ರದುದ್ದಕ್ಕೂ ಮಾತಾಡೋರೆಲ್ಲ ಹೆಚ್ಚುಕಡಿಮೆ ಬಿಳಿಯರೇ. 1998ರ ಸಭೆಯ ದೃಶ್ಯದಲ್ಲಿ ಕೇಕೆ ಹಾಕೋ ಮುಖಗಳೂ ಅವೇ. ಅದು 1976ರ ಜೂನ್ 16ರಂದು ಸೊವೆಟೊದಲ್ಲಿ ಶಾಲೆಯ ಮಕ್ಕಳ ಮೇಲೆ ಗುಂಡು ಹಾರಿದ ದೇಶ. ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಇಡೀ ಬಡಾವಣೆಯನ್ನು 1966ರಲ್ಲಿ ‘ಬಿಳಿಯರಿಗೆ ಮಾತ್ರ’ ಎಂದು ಸಾರಿ, ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಿ ಮರಳುಗಾಡಿನಂಥ ಬಯಲಿಗೆ ಬಿಸಾಡಿದ ದೇಶ. ಅಲ್ಲಿ ಮಾಲೀಕನ ಮಗ ಕೋಣೆಯ ಬಾಗಿಲು ಹಾಕಿಕೊಂಡು ವ್ಯವಸ್ಥೆಯ ವಿರುದ್ಧದ ಹಾಡು ಕೇಳುತ್ತಿದ್ದಾಗ ಅಡಿಗೆಮನೆಯಲ್ಲಿ ಪಾತ್ರೆ ತೊಳೀತಿದ್ದ ಕರಿ ಹೆಂಗಸಿನ ಸೆರಗಿನ ಗಂಟಿನಲ್ಲಿ ಪಾಸು ಇತ್ತು. ಆ ಪಾಸಿಲ್ಲದಿದ್ದರೆ ಅವಳು ಸಂಜೆಗೆ ಜೈಲು. ಆ ಹೆಂಗಸಿಗೆ ಆ ಹಾಡು ಕೇಳಿಸಿತೋ? ಕೇಳಿಸಿದ್ದರೆ ಏನನ್ನಿಸಿತು? ಎಂಬತ್ತಾರು ನಿಮಿಷದ ಚಿತ್ರದಲ್ಲಿ ಅವಳನ್ನು ಒಂದು ಮಾತು ಕೇಳೋದಕ್ಕೆ ಪುರಸೊತ್ತಾಗಲಿಲ್ಲ.

ಹಾಗಂತ ಆ ಹುಡುಗರ ತಹತಹ ಸುಳ್ಳು ಅಂತ ನಾವು ಹೇಳೋದಿಲ್ಲ. ಅವರಿಗೆ ಕಡ್ಡಾಯ ಸೈನ್ಯ ಇತ್ತು. ಎಪ್ಪತ್ತರ ದಶಕದ ಕೊನೆ ಹೊತ್ತಿಗೆ ಎರಡು ವರ್ಷ. ನಮೀಬಿಯಾ, ಅಂಗೋಲಾ ಗಡಿಯಲ್ಲಿ ಬಂದೂಕು ಹಿಡಿದು ನಿಲ್ಲಬೇಕು. ರೊಡ್ರಿಗೆಜನನ್ನು ಹುಡುಕಿದವರಲ್ಲಿ ಒಬ್ಬರಾದ ಸ್ಟೀಫನ್ ಸೆಗರ್‌ಮನ್‌ಗೆ ‘ಶುಗರ್’ ಎಂಬ ಅಡ್ಡಹೆಸರು ಬಿದ್ದದ್ದೇ ಸೈನ್ಯದಲ್ಲಿ, ಈ ಹಾಡಿನಿಂದ. ವರ್ಣಭೇದದ ಬಂದೂಕು ಹೆಗಲ ಮೇಲೆ, ವರ್ಣಭೇದಕ್ಕೆ ಒಗ್ಗದ ಹಾಡು ಬಾಯಲ್ಲಿ! ಸರ್ಕಾರಿ ರೇಡಿಯೋದವರು ತಮ್ಮ ಭಂಡಾರದ ಪ್ರತಿಯಲ್ಲಿ ಆ ಹಾಡಿನ ಗೆರೆಯ ಮೇಲೆ ಚೂಪಾದ ಉಪಕರಣದಿಂದ ಗೀರಿ ಇಟ್ಟಿದ್ದರು, ಯಾವನೂ ಅಪ್ಪಿತಪ್ಪಿಯೂ ಹಾಕಬಾರದೆಂದು. ಆದರೂ ಹಾಡು ಒಳಗಿಳಿಯಿತು. ಬಲವಂತದ ಸೈನ್ಯ ಬೇಡ ಎಂಬ ಚಳವಳಿ 1983ರಲ್ಲಿ ಶುರುವಾಯ್ತು. ಬಂದೂಕು ಹಿಡಿಯೋದಿಲ್ಲ ಎಂದು ಬಹಿರಂಗವಾಗಿ ಹೇಳಿದವರು 1987ರಲ್ಲಿ 23 ಜನ, ಮರುವರ್ಷ 143, ಅದರ ಮರುವರ್ಷ 771. ಜೈಲಿಗೂ ಹೋದರು. 1989ರಲ್ಲಿ ಆಫ್ರಿಕಾನ್ಸ್ ನುಡಿಯಲ್ಲೇ ತಮ್ಮ ಅಪ್ಪಂದಿರ ಆಳ್ವಿಕೆಯನ್ನು ಗೇಲಿ ಮಾಡುತ್ತಾ ಊರೂರು ತಿರುಗಿದ ರಾಕ್ ಹಾಡುಗಾರರು, ನಮಗೆ ಹೀಗೂ ಹಾಡಬಹುದೆಂದು ತೋರಿಸಿಕೊಟ್ಟವನು ರೊಡ್ರಿಗೆಜ್ ಅಂತ ಹೇಳಿಕೊಂಡಿದ್ದಾರೆ. ಅಪ್ಪನ ಮಾತು ಮೀರೋದಕ್ಕೆ ಮಾಲೀಕನ ಮಗನಿಗೂ ಒಂದು ಹಾಡು ಬೇಕು. ಅದನ್ನು ನಾವು ಸಣ್ಣದು ಅನ್ನೋದಿಲ್ಲ. ಆದರೆ ಅದನ್ನೇ ಹಿಗ್ಗಿಸಿ, ವರ್ಣಭೇದ ಮುರಿದು ಬಿದ್ದದ್ದೇ ಈ ತಟ್ಟೆಯಿಂದ ಅನ್ನೋ ಧಾಟಿಯಲ್ಲಿ ಕತೆ ಕಟ್ಟಿದರೆ ಅದನ್ನು ಕಳ್ಳತನ ಅಂತಲೇ ಕರೀಬೇಕಾಗುತ್ತೆ. ಮುರಿದವರು ಬೇರೆ, ಸ್ವಾಮಿ. ಅವರ ಹೆಣ ಎಣಿಸಲಿಕ್ಕಿದೆ.

(ಇದನ್ನು ಬರೆಯೋ ಅಧಿಕಾರ ನಮಗೇನು? ನಮ್ಮ ದೇಶ 1946ರಲ್ಲೇ ದಕ್ಷಿಣ ಆಫ್ರಿಕಾದ ಜತೆ ವ್ಯಾಪಾರ ಕಡಿದುಕೊಂಡಿತು. ಹೆಮ್ಮೆಯ ಮಾತೇ. ಅದೇ ದೇಶ 2001ರಲ್ಲಿ ಡರ್ಬನ್‌ನಲ್ಲಿ ವಿಶ್ವಸಂಸ್ಥೆಯ ವರ್ಣಭೇದ ವಿರೋಧಿ ಸಮ್ಮೇಳನ ನಡೆದಾಗ, ಜಾತಿಯ ಮಾತು ಎತ್ತಕೂಡದೆಂದು ಪಟ್ಟು ಹಿಡಿಯಿತು. ಊರ ಹೊರಗಿನ ಕೇರಿಯಿಂದ ಬಂದ ನಾವು ಆ ಅಡಿಗೆಮನೆಯ ಹೆಂಗಸಿನ ಕಡೆಯಿಂದ ಚಿತ್ರ ನೋಡದೆ ಇನ್ನೆಲ್ಲಿಂದ ನೋಡೋಣ?)

ಈಗ ಒಂದು ಊರಿನ ಹೆಸರು. ಹುಡುಕುವವರಿಗೆ ದಾರಿ ತೋರಿಸಿದ್ದು ಅವನದೇ ಒಂದು ಹಾಡಿನಲ್ಲಿ ಬರುವ ‘ಡಿಯರ್‌ಬಾರ್ನ್’ ಎಂಬ ಮಾತು. ಭೂಪಟ ತೆಗೆದು ನೋಡಿದರು, ಡೆಟ್ರಾಯಿಟಿನ ಮಗ್ಗುಲಲ್ಲೇ ಇದೆ, ಸಿಕ್ಕೇಬಿಟ್ಟ ಮನುಷ್ಯ! ಚಿತ್ರದಲ್ಲಿ ಇದು ರೋಮಾಂಚನದ ಘಳಿಗೆ. ಆದರೆ ಡಿಯರ್‌ಬಾರ್ನ್ ಯಾವ ಊರು ಎಂಬುದನ್ನು ಯಾರೂ ಕೇಳಲಿಲ್ಲ. ಅದು ಫೋರ್ಡ್ ಕಂಪನಿಯ ಊರು. ಹೆನ್ರಿ ಫೋರ್ಡನ ರಿವರ್ ರೂಜ್ ಎಂಬ ರಾಕ್ಷಸ ಕಾರ್ಖಾನೆ ಇರೋದು ಅಲ್ಲೇ. 1942ರಿಂದ 1978ರವರೆಗೆ, ಮೂವತ್ತಾರು ವರ್ಷ, ಆರ್ವಿಲ್ ಹಬ್ಬರ್ಡ್ ಎಂಬಾತ ಅಲ್ಲಿ ಮೇಯರು. ಕರಿಯರನ್ನು ಊರೊಳಗೆ ಬಿಡೋದಿಲ್ಲ ಎಂಬುದೇ ಅವನ ರಾಜಕೀಯ, ಅದೇ ಅವನ ಓಟು. ಕರಿಯರು ಹಗಲು ಬಂದು ಕುಲುಮೆಯ ಮುಂದೆ ಬೆವರು ಸುರಿಸಬಹುದು, ಸಂಜೆ ಆದ ಮೇಲೆ ಆ ಊರಲ್ಲಿ ತಲೆ ಊರೋ ಹಾಗಿಲ್ಲ. ಸೊವೆಟೊದವರು ಜೋಹಾನ್ಸ್‌ಬರ್ಗಿಗೆ ಹೋಗಿ ಬಂದ ಹಾಗೆ ಅವರೂ ದಿನಾ ಹೋಗಿ ಬರುತ್ತಿದ್ದರು. ವರ್ಣಭೇದದ ನಾಡಿನ ಮಕ್ಕಳು ಭೂಪಟದಲ್ಲಿ ಬೆರಳಿಟ್ಟು ಹುಡುಕಿದ್ದು ಇನ್ನೊಂದು ವರ್ಣಭೇದದ ಊರನ್ನು. ಒಬ್ಬರಿಗೂ ಗುರುತು ಹತ್ತಲಿಲ್ಲ!

ಅದೇ ಫೋರ್ಡ್ ಕಂಪನಿ ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್‌ನಲ್ಲೂ ಕಾರ್ಖಾನೆ ನಡೆಸುತ್ತಿತ್ತು. 1979ರಲ್ಲಿ ಅಲ್ಲಿ ಥೋಝಾಮಿಲೆ ಬೋಥಾ ಎಂಬ ಕರಿ ನೌಕರ ತನ್ನ ಜನರ ಚಳವಳಿಗೆ ನಿಂತನೆಂದು ಕೆಲಸ ಬಿಡುವ ಪರಿಸ್ಥಿತಿ ತಂದಾಗ ನೂರಾರು ಕರಿ ಕಾರ್ಮಿಕರು ಯಂತ್ರ ಬಿಟ್ಟು ಹೊರಗೆ ನಡೆದರು. ಡೆಟ್ರಾಯಿಟಿನ ಸಿಟ್ಟಿಗೂ ಪೋರ್ಟ್ ಎಲಿಜಬೆತ್ತಿನ ಸಿಟ್ಟಿಗೂ ಮಾಲೀಕ ಒಬ್ಬನೇ. ಈ ಹಾಡಿಗೂ ಆ ಕಾರ್ಮಿಕರಿಗೂ ನಿಜವಾದ ನೆಂಟಸ್ತಿಕೆ ಇದ್ದದ್ದು ಅಲ್ಲಿ. ಆದರೆ ತಟ್ಟೆ ಅವರ ಕೈ ಸೇರಲಿಲ್ಲ. ಅವರ ಮಾಲೀಕರ ಮಕ್ಕಳ ಕೈ ಸೇರಿತು.

ಇನ್ನು ಕಾಸಿನ ಮಾತು. ಕಲಾವಿದ ಕಾಸಿನ ಹಿಂದೆ ಹೋಗಬಾರದು ಅಂದರಲ್ಲ ನಮ್ಮ ಗೆಳೆಯರು, ಆ ಮಾತು. ದಕ್ಷಿಣ ಆಫ್ರಿಕಾದಲ್ಲಿ ಇದು ಐದು ಲಕ್ಷ ಮಾರಾಟವಾಗಿದೆ ಅಂತ ಚಿತ್ರದ ಲೆಕ್ಕ. ಅಲ್ಲಿನ ಕಂಪನಿಯವರು ‘ನಾವು ಅಮೆರಿಕಾಕ್ಕೆ ಕಳಿಸಿದೆವು’ ಅಂತಾರೆ. ಅಮೆರಿಕಾದಲ್ಲಿ ಇದನ್ನು ಹೊರತಂದ ಸಸೆಕ್ಸ್ ಕಂಪನಿ 1975ರಲ್ಲೇ ಬಾಗಿಲು ಹಾಕಿತ್ತು. ಅದರ ಒಡೆಯ ಕ್ಲಾರೆನ್ಸ್ ಅವಾಂಟ್. ಚಿತ್ರದಲ್ಲಿ ಆತನನ್ನು ದುಡ್ಡು ಎಲ್ಲಿ ಹೋಯ್ತು ಎಂದು ಕೇಳಿದಾಗ ಸಿಡುಕುತ್ತಾನೆ, 1970ರ ಕರಾರು ಪತ್ರಕ್ಕೆ ಈಗ ಯಾರು ತಲೆ ಕೆಡಿಸಿಕೊಳ್ತಾರೆ ಅನ್ನೋ ಧಾಟಿಯಲ್ಲಿ. ಇಲ್ಲಿ ನಮಗೊಂದು ಪೇಚಿದೆ, ಅದನ್ನೂ ಹೇಳಿಬಿಡ್ತೀವಿ. ಅವಾಂಟ್ ಕರಿಯ. ಬಿಳಿಯರ ಸಂಗೀತೋದ್ಯಮದೊಳಗೆ ಕರಿಯರಿಗೆ ಬಾಗಿಲು ತೆರೆಸಿದವನೆಂದು ದೊಡ್ಡ ಹೆಸರಿದ್ದವನು. ಬಿಳಿ ಖಳನಾಯಕ ಸಿಕ್ಕಿದ್ದರೆ ನಮ್ಮ ಲೇಖನ ಸಲೀಸಾಗಿ ಮುಗೀತಿತ್ತು! ಯಾರು ಎಷ್ಟು ತಿಂದರು, ತಿಂದರೋ ಇಲ್ಲವೋ ಎಂಬ ತೀರ್ಪು ಕೊಡೋ ನ್ಯಾಯಾಧೀಶರು ನಾವಲ್ಲ. ಚಿತ್ರ ಬಂದ ಮೇಲೆ ಅದು ಕೋರ್ಟಿನ ಮೆಟ್ಟಿಲು ಹತ್ತಿತು. 1966ರಲ್ಲಿ ರೊಡ್ರಿಗೆಜ್ ಇನ್ನೊಂದು ಕಂಪನಿಗೆ ಹಾಡುಗಳನ್ನು ಬರೆದುಕೊಟ್ಟಿದ್ದ, ಆ ಕರಾರನ್ನು ತಪ್ಪಿಸಲೆಂದೇ ತಟ್ಟೆಯ ಮೇಲೆ ‘ಜೀಸಸ್ ರೊಡ್ರಿಗೆಜ್’, ‘ಸಿಕ್ಸ್ತ್ ಪ್ರಿನ್ಸ್’ ಎಂಬ ಹೆಸರು ಹಾಕಿದರು ಎಂದು ಆ ಹಳೆಯ ಕಂಪನಿಯವರ ದಾವೆ. ಹಾಡು ಬರೆದವನ ಹೆಸರು ಅವನ ಹಾಡಿನ ಮೇಲೇ ನೆಟ್ಟಗಿಲ್ಲ. ಒಬ್ಬ ಮನುಷ್ಯನನ್ನು ಮೋಸ ಮಾಡಲು ಕೆಟ್ಟ ಮನುಷ್ಯನೇ ಬೇಕೆಂದಿಲ್ಲ, ಒಂದು ಕಾಗದ ಸಾಕು. ಹೆಬ್ಬೆಟ್ಟು ಒತ್ತಿ ಜೀತಕ್ಕೆ ಬಿದ್ದವರ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೆ ಆ ‘ಋಷಿ’ಯ ವಿಚಾರ. ರೊಡ್ರಿಗೆಜ್ ಕೆಡವೋ ಕೆಲಸಕ್ಕೆ ಟಕ್ಸೀಡೋ ಸೂಟು ಹಾಕಿಕೊಂಡು ಬರುತ್ತಿದ್ದನೆಂದು ಜತೆಗಾರನೊಬ್ಬ ಚಿತ್ರದಲ್ಲಿ ನೆನೆಯುತ್ತಾನೆ. ನೋಡಿದವರೆಲ್ಲ ಇದಕ್ಕೆ ಮರುಳು. ದುಡಿಮೆಯನ್ನು ಪೂಜೆ ಮಾಡಿಕೊಂಡ ಮಹಾನುಭಾವ ಅಂತ. ನಮ್ಮ ಗುಂಪಿನಲ್ಲೊಬ್ಬನಿದ್ದಾನೆ, ಅವನ ಅಪ್ಪ ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಹಳೇ ಮನೆ ಕೆಡವೋ ಕೂಲಿಯಾಗಿದ್ದ. ಅವನು ಸಭೆಯಲ್ಲಿ ಬಾಯಿ ಬಿಡಲಿಲ್ಲ. ಹೊರಗೆ ಬಂದು ಟೀ ಕುಡಿಯುವಾಗ ಹೇಳಿದ: ‘ನಮ್ಮಪ್ಪ ಮೂಗಿಗೆ ಒದ್ದೆ ಬಟ್ಟೆ ಕಟ್ಕೊಂಡು ಹೋಗ್ತಿದ್ದ. ಸಂಜೆ ಬಂದು ಕೆಮ್ಮಿದ್ರೆ ಸುಣ್ಣ ಬೀಳ್ತಿತ್ತು. ಅದನ್ನ ಪೂಜೆ ಅಂದೋರಿಗೆ ಒಂದ್ ದಿನ ಹಾರೆ ಕೊಡ್ಬೇಕು ಕಣ್ರಪ್ಪ.’ ಸೂಟು ಹಾಕಿಕೊಂಡು ಗೋಡೆ ಒಡೆಯೋದು ವಿನಯವಲ್ಲ, ಅದು ಠೇಂಕಾರ. ನೀವು ನನ್ನನ್ನು ಎಲ್ಲಿ ನಿಲ್ಲಿಸಿದರೂ ನಾನು ಇಂಥವನೇ ಎಂದು ಉಟ್ಟ ಬಟ್ಟೆಯಲ್ಲೇ ಹೇಳೋ ಮಾತು. ನಮ್ಮ ಕೇರಿಯ ಹುಡುಗ ಇಸ್ತ್ರಿ ಅಂಗಿ ತೊಟ್ಟು ಊರ ನಡುಬೀದಿಯಲ್ಲಿ ನಡೆದಾಗ ಯಾಕೆ ಹೊಡೆತ ಬೀಳುತ್ತೆ? ಹೊಡೆಯೋರಿಗೆ ಅದು ವಿನಯ ಅಲ್ಲ ಅಂತ ಚೆನ್ನಾಗಿ ಗೊತ್ತು.

ಅವನು ಋಷಿಯಾಗಿದ್ದರೆ ಚುನಾವಣೆಗೆ ಯಾಕೆ ನಿಲ್ತಿದ್ದ? ಡೆಟ್ರಾಯಿಟಿನ ನಗರಸಭೆಗೆ ನಿಂತ, ಸೋತ. ಮತಪತ್ರದಲ್ಲಿ ಅವನ ಹೆಸರನ್ನೂ ತಪ್ಪಾಗಿ ಅಚ್ಚು ಹಾಕಿದ್ದರು. ಅಲ್ಲೂ ಹೆಸರು ನೆಟ್ಟಗಿಲ್ಲ! ಕೂಲಿ ಮಾಡುತ್ತಲೇ ಓದಿ 1981ರಲ್ಲಿ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಿಂದ ತತ್ವಶಾಸ್ತ್ರದ ಪದವಿ ತೆಗೆದ. ಹೋರಾಟಗಾರನಾಗಿ ಊರು ತಿದ್ದಲು ಹೊರಟವನನ್ನು ಊರು ಕೇಳಲಿಲ್ಲ. ಸಂತನಾದ ಮೇಲೆ ಜಗತ್ತೇ ಕೇಳಿತು. ಬಡವನ ಸಿಟ್ಟು ಯಾರಿಗೂ ಬೇಡ, ಬಡವನ ತಾಳ್ಮೆ ಎಲ್ಲರಿಗೂ ಬೇಕು. ಉಳ್ಳವರು ಹೂಡಿದ ಮೋಸ ಎಂಬ ಹಾಡಿನ ಹೆಸರು ನೆನಪಿಟ್ಟುಕೊಳ್ಳಿ ಅಂದಿದ್ದೆವಲ್ಲ, ಇದೇ ಅದು. 1970ರಲ್ಲೇ ಅವನು ಗುರುತಿಸಿದ್ದ ಮೋಸವನ್ನು 2012ರಲ್ಲಿ ಅವನ ಮೇಲೇ ಹೂಡಿ ಚಪ್ಪಾಳೆ ತಟ್ಟಿದೆವು.

ಅವನು ಕೆಡವಿದ ಊರಿನ ಗತಿಯನ್ನೂ ನೋಡಿ. 1950ರಲ್ಲಿ ಡೆಟ್ರಾಯಿಟಿನ ಜನಸಂಖ್ಯೆ ಹದಿನೆಂಟೂವರೆ ಲಕ್ಷ. 2010ರಲ್ಲಿ ಏಳು ಲಕ್ಷ ಚಿಲ್ಲರೆ. ಕಂಪನಿಗಳು ಎದ್ದು ಹೋದವು, ಬಿಳಿಯರು ಎದ್ದು ಹೋದರು, ಮನೆಗಳು ಹಾಳು ಬಿದ್ದವು, ಅವನ್ನು ಕೆಡವೋದೇ ಒಂದು ಉದ್ಯೋಗವಾಯ್ತು. ಚಿತ್ರಕ್ಕೆ ಆಸ್ಕರ್ ಬಂದ 2013ರಲ್ಲೇ, ಜುಲೈ 18ರಂದು, ಆ ನಗರ ದಿವಾಳಿ ಅರ್ಜಿ ಹಾಕಿತು. ಚಿತ್ರದಲ್ಲಿ ಹಿಮ ಬಿದ್ದ ಆ ಬೀದಿಗಳು ಬಹಳ ಸುಂದರವಾಗಿ ಕಾಣುತ್ತವೆ.

ಹಾಗಾದರೆ ಈ ತಟ್ಟೆ ಯಾಕೆ ಉಳಿಯಿತು? 2008ರಲ್ಲಿ ಅಮೆರಿಕಾದಲ್ಲೇ ಮತ್ತೆ ಅಚ್ಚಾಗಿ, ಅವನು ಸತ್ತ ಮೇಲೂ ಹೊಸ ಹುಡುಗರು ಯಾಕೆ ಕೇಳ್ತಿದ್ದಾರೆ? ಅದರ ಸಿಟ್ಟು ದಿಟವಾದದ್ದು, ಆದರೆ ಆ ಸಿಟ್ಟಿನ ಮೇಲೆ ಪೂರಾ ವಿಳಾಸ ಇಲ್ಲ. ಮೇಯರ್ ಅನ್ನುತ್ತೆ, ಯಾವ ಮೇಯರ್ ಅನ್ನೋದಿಲ್ಲ. ಅಮಲಿನ ಸದ್ದು ಆ ವಿಳಾಸದ ಮೇಲೆ ಮಂಜು ಕವಿಸುತ್ತೆ. ಆ ಖಾಲಿ ಜಾಗದಲ್ಲಿ ಕೇಪ್‌ಟೌನಿನ ಹುಡುಗ ತನ್ನ ಸೇನಾಧಿಕಾರಿಯನ್ನು ಕೂರಿಸಿಕೊಂಡ, ಸಿಡ್ನಿಯ ಹುಡುಗ ಇನ್ಯಾರನ್ನೋ, ನಾವು ನಮ್ಮ ಊರಿನ ಗೌಡನನ್ನು. ಇದು ಹಾಡಿನ ಬಲವೂ ಹೌದು, ಹಾಡಿನ ಅಪಾಯವೂ ಹೌದು. ವಿಳಾಸವಿಲ್ಲದ ಸಿಟ್ಟನ್ನು ಮಾರೋದು ಸುಲಭ. ನಮ್ಮ ಮೊಬೈಲುಗಳಲ್ಲಿ ಈ ಹಾಡು ಇದೆ, ಅಳಿಸೋದಿಲ್ಲ.

ವಿಳಾಸ ಬರೆದು ಹಾಡಿದವರೂ ಇದ್ದರು. ಪೋರ್ಟ್ ಎಲಿಜಬೆತ್ತಿನವನೇ ಆದ ವುಯಿಸಿಲೆ ಮಿನಿ. ಕಾರ್ಮಿಕ ಸಂಘಟಕ, ಗಡಸು ಕಂಠದವನು. ಪ್ರಧಾನಿ ಫರ್ವೂರ್ಡನ ಹೆಸರು ಹಿಡಿದೇ ಹಾಡು ಕಟ್ಟಿದ. ಆ ಹಾಡು ತಟ್ಟೆಯಿಲ್ಲದೆ, ಕಂಪನಿಯಿಲ್ಲದೆ ಇಡೀ ನಾಡಿನ ಬಾಯಿಗೆ ಬಂತು. ಅವನನ್ನು ಹುಡುಕಲು ಯಾರೂ ಭೂಪಟ ತೆಗೆಯಬೇಕಾಗಿರಲಿಲ್ಲ, ಸರ್ಕಾರಕ್ಕೆ ಅವನ ಮನೆ ಗೊತ್ತಿತ್ತು. 1964ರ ನವೆಂಬರ್ 6ರಂದು ಪ್ರಿಟೋರಿಯಾದಲ್ಲಿ ನೇಣು ಹಾಕಿದರು. ಹಾಡುತ್ತಲೇ ನೇಣಿಗೆ ನಡೆದನೆಂದು ಜತೆಯ ಕೈದಿಗಳು ಹೇಳಿದ್ದಾರೆ. ಹೆಣವನ್ನು ಹೇಳಕೇಳದೆ ದಿಕ್ಕಿಲ್ಲದವರ ಗುಂಡಿಯಲ್ಲಿ ಹೂತರು. ಆ ಎಲುಬುಗಳನ್ನು ಅಗೆದು ತೆಗೆದು ಊರಿಗೆ ತಂದು ಮಣ್ಣು ಮಾಡಿದ್ದು 1998ರಲ್ಲಿ. ಕೇಪ್‌ಟೌನಿನಲ್ಲಿ ರೊಡ್ರಿಗೆಜನಿಗೆ ಚಪ್ಪಾಳೆ ಬಿದ್ದದ್ದೂ ಅದೇ ವರ್ಷ.

ಆ ಎಲುಬು ಅಗೆಯುವ ದೃಶ್ಯದಿಂದಲೇ ಶುರುವಾಗುವ ಚಿತ್ರವೊಂದಿದೆ, ‘ಅಮಾಂಡ್ಲಾ’ ಅಂತ, 2002ರದು. ಅದನ್ನೂ ತೋರಿಸಿ ಎಂದು ಗೆಳೆಯರಿಗೆ ಹೇಳಿ ಬಂದಿದ್ದೇವೆ. ‘ನೋಡೋಣ’ ಅಂದಿದ್ದಾರೆ.